ಡೆಮೊದಲ್ಲಿ ಕೇಳಿದ ಸದ್ದು ಮನೆಗೆ ಬಂದ ಮೇಲೆ ಎಲ್ಲಿ ಹೋಯಿತು?

ಪ್ರಶ್ನೆ:
ಸರ್, ನಮಸ್ಕಾರ. ಹದಿನೈದು ವರ್ಷದಿಂದ ಒಂದು ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೇನೆ. ಹೊಸ ಸಿಂಥಸೈಸರ್ ನೋಡೋಣ ಅಂತ ಹೋಗಿದ್ದೆ. ಅವತ್ತು ಕಂಪನಿಯ ಕಡೆಯಿಂದ ಡೆಮೊ ಕೊಡುವವರು ಬಂದಿದ್ದರು. ಇಪ್ಪತ್ತು ನಿಮಿಷ ನುಡಿಸಿದರು, ಮೈ ಜುಮ್ಮೆಂದಿತು. ಬೇರೆ ಯಾವುದನ್ನೂ ನೋಡದೆ ಅದನ್ನೇ ತಗೊಂಡು ಬಂದೆ. ಮನೆಯಲ್ಲಿ ನುಡಿಸಿದರೆ ಆ ಸದ್ದು ಬರುತ್ತಲೇ ಇಲ್ಲ. ಪಿಯಾನೊ ಅಂತೂ ಡಬ್ಬದೊಳಗಿಂದ ಕೇಳಿದ ಹಾಗಿದೆ. ನೀವು ಡೆಮೊ ಕೆಲಸ ಮಾಡಿದವರು ಅಂತ ಗುಂಪಿನಲ್ಲಿ ಓದಿದೆ. ನನಗೆ ಮೋಸ ಆಯಿತಾ? ಅಥವಾ ನನ್ನ ಕೈಯೇ ಸಾಲದಾ? ವಾಪಸ್ ಕೊಡಲು ಇನ್ನು ಹತ್ತು ದಿನ ಇದೆ.

ಉತ್ತರ:
ಮೋಸ ಅಲ್ಲ. ನಿಮ್ಮ ಕೈಗೂ ಏನೂ ಆಗಿಲ್ಲ. ಒಂಬತ್ತು ವರ್ಷ ಆ ಸ್ಟೂಲಿನ ಮೇಲೆ ಕೂತವನು ನಾನು, ಈಗ ಸ್ಟುಡಿಯೊದಲ್ಲಿ ನುಡಿಸುತ್ತೇನೆ. ಅಲ್ಲಿ ಏನು ನಡೆಯುತ್ತದೆ ಅಂತ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಡೆಮೊ ಶುರುವಾಗುವ ಒಂದು ಗಂಟೆ ಮೊದಲೇ ನಾನು ಹೋಗುತ್ತಿದ್ದೆ. ವಾದ್ಯದಲ್ಲಿ ಆರು ನೂರು ಸದ್ದು ಇದ್ದರೆ ನಾನು ಆರಿಸುತ್ತಿದ್ದದ್ದು ಎಂಟೋ ಹತ್ತೋ. ಎರಡೇ ಸ್ವರಕ್ಕೆ ಜನ ತಿರುಗಿ ನೋಡಬೇಕು, ಅಂಥವು. ಪಿಯಾನೊ ನುಡಿಸುವಾಗ ತೀರಾ ಕೆಳಗಿನ ಸ್ಥಾಯಿಗೆ ಹೋಗುತ್ತಿರಲಿಲ್ಲ, ಅಲ್ಲಿ ಆ ಮಾಡೆಲ್ ಸ್ವಲ್ಪ ಸೊರಗುತ್ತಿತ್ತು. ರಿವರ್ಬ್, ಅಂದರೆ ದೊಡ್ಡ ಹಾಲ್‌ನಲ್ಲಿ ನುಡಿಸಿದ ಹಾಗೆ ಗುಂಗು ಕೊಡುವ ಪರಿಣಾಮ, ಒಂದು ಗುಕ್ಕು ಜಾಸ್ತಿ. ಕೀಲಿಯ ಟಚ್ ಒಂದು ಹಂತ ಹಗುರ, ಮೆಲ್ಲಗೆ ಒತ್ತಿದರೂ ಸದ್ದು ಜೋರಾಗಿ ಬರುವ ಹಾಗೆ. ಎರಡು ಒಳ್ಳೆಯ ಸ್ಪೀಕರ್, ಕೇಳುವವರ ಕಿವಿಯ ಮಟ್ಟಕ್ಕೆ. ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಎಲ್ಲವನ್ನೂ ಆ ಇಪ್ಪತ್ತು ನಿಮಿಷಕ್ಕಾಗಿಯೇ ಜೋಡಿಸಿದ್ದು.

ವಾಲ್ಯೂಮ್ ವಿಷಯ ಬೇರೆಯೇ ಹೇಳಬೇಕು. ಸದ್ದು ಸಣ್ಣದಾದಷ್ಟೂ ನಮ್ಮ ಕಿವಿಗೆ ಬೇಸ್, ಅಂದರೆ ತಗ್ಗಿನ ಸ್ವರಗಳು, ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಡೆಮೊದಲ್ಲಿ ಎದೆಗೆ ತಾಗಿದ ಬೇಸ್, ಮನೆಯಲ್ಲಿ ಪಕ್ಕದವರಿಗೆ ಕೇಳಬಾರದು ಅಂತ ಸಣ್ಣಗೆ ಇಟ್ಟಾಗ ಮಾಯ. ವಾದ್ಯ ಅದೇ, ಸದ್ದೂ ಅದೇ.

ಒಂದು ಕೇಳಲಾ? ಮನೆಯಲ್ಲಿ ಆಂಪ್ಲಿಫೈಯರ್‌ಗೆ ಎಷ್ಟು ಕೇಬಲ್ ಹಾಕಿದ್ದೀರಿ?

ಪ್ರಶ್ನೆ ಕೇಳಿದವರು:
ಒಂದೇ ಸರ್. ಎಡಗಡೆಯ ಜ್ಯಾಕ್‌ನಿಂದ. ತಂಡದಲ್ಲೂ ಯಾವಾಗಲೂ ಹಾಗೇ ಹಾಕೋದು.

ಉತ್ತರ:
ಹಾಗಾದರೆ ಪಿಯಾನೊದ ಡಬ್ಬದ ಸದ್ದಿಗೆ ಬಹುಪಾಲು ಇದೇ ಕಾರಣ. ಇಂದಿನ ಪಿಯಾನೊ ಸದ್ದುಗಳನ್ನು ಹೆಚ್ಚಾಗಿ ಎರಡೋ ಇನ್ನೂ ಹೆಚ್ಚೋ ಮೈಕ್ ಇಟ್ಟು ಸ್ಟೀರಿಯೊದಲ್ಲಿ, ಅಂದರೆ ಎಡಕ್ಕೂ ಬಲಕ್ಕೂ ಬೇರೆ ಬೇರೆಯಾಗಿ, ರೆಕಾರ್ಡ್ ಮಾಡಿರುತ್ತಾರೆ. ಒಂದೇ ಸ್ವರ ಎರಡು ಮೈಕ್‌ಗೂ ಒಂದೇ ಗಳಿಗೆಯಲ್ಲಿ ತಲುಪಲ್ಲ, ಕೂದಲೆಳೆಯಷ್ಟು ಹಿಂದುಮುಂದಾಗುತ್ತದೆ. ಎರಡು ಸ್ಪೀಕರ್‌ನಲ್ಲಿ ಕೇಳಿದಾಗ ಅದೇ ವ್ಯತ್ಯಾಸದಿಂದ ಪಿಯಾನೊ ಎದುರಿಗೇ ಇದೆ ಅನ್ನಿಸುತ್ತದೆ. ಒಂದೇ ಕೇಬಲ್‌ಗೆ ಸೇರಿಸಿದಾಗ ಕೆಲವು ಅಲೆಗಳು ಒಂದನ್ನೊಂದು ತಿಂದುಹಾಕುತ್ತವೆ. ಉಳಿಯೋದು ತೆಳ್ಳಗಿನ ಸದ್ದು. ಡೆಮೊದಲ್ಲಿ ನಾವು ಯಾವತ್ತೂ ಒಂದೇ ಕೇಬಲ್‌ನಲ್ಲಿ ನುಡಿಸಲ್ಲ.

ಇವತ್ತು ಎರಡು ಕೇಬಲ್ ಹಾಕಿ ಕೇಳಿ, ಆಮೇಲೆ ಒಳ್ಳೆಯ ಹೆಡ್‌ಫೋನ್‌ನಲ್ಲೂ ಕೇಳಿ. ತಂಡದಲ್ಲಿ ಒಂದೇ ಕೇಬಲ್ ಅನ್ನೋದು ತಪ್ಪದು ಅಂದರೆ, ಸದ್ದಿನ ಪಟ್ಟಿಯಲ್ಲಿ ‘ಮೋನೊ ಪಿಯಾನೊ’ (ಒಂದೇ ಕೇಬಲ್‌ಗೆ ಹೊಂದುವ ಪಿಯಾನೊ) ಅಂತ ಇದೆಯಾ ನೋಡಿ. ಸುಮಾರು ವಾದ್ಯಗಳಲ್ಲಿ ಇರುತ್ತದೆ, ಡೆಮೊದಲ್ಲಿ ಅದನ್ನು ಯಾರೂ ತೋರಿಸಲ್ಲ.

ಇನ್ನೊಬ್ಬ ಸದಸ್ಯರು:
ಅದಕ್ಕೇ ನಾನು ಡೆಮೊದವರ ಮಾತನ್ನೇ ಕೇಳಲ್ಲ ಸರ್. ವಾದ್ಯ ಚೆನ್ನಾಗಿದ್ದರೆ ತಾನೇ ಮಾರಾಟ ಆಗುತ್ತದೆ ಅಲ್ವಾ?

ಉತ್ತರ:
ಇದನ್ನು ನಾನು ಒಪ್ಪಲ್ಲ. ಕೊಳಲನ್ನು ಕೈಗೆ ಕೊಟ್ಟರೆ ಊದಬೇಕು ಅಂತ ಯಾರಿಗೂ ಗೊತ್ತಾಗುತ್ತದೆ. ನಲವತ್ತು ತಿರುಗುಗುಂಡಿ ಇರುವ ಪೆಟ್ಟಿಗೆ ಕೊಟ್ಟರೆ? ಎಲೆಕ್ಟ್ರಾನಿಕ್ ವಾದ್ಯದ ಒಳಗೆ ಏನಿದೆ ಅಂತ ಹೊರಗಿನಿಂದ ಕಾಣಲ್ಲ. ಯಾರಾದರೂ ಕೂತು ತೋರಿಸಲೇಬೇಕು.

1967ರ ಮಾಂಟೆರೆ ಪಾಪ್ ಉತ್ಸವದಲ್ಲಿ ಪಾಲ್ ಬೀವರ್ ಮತ್ತು ಬರ್ನಿ ಕ್ರಾಸ್ ಎಂಬ ಇಬ್ಬರು ಸಂಗೀತಗಾರರು ಒಂದು ಮಳಿಗೆ ಹಾಕಿ ಮೂಗ್ ಸಿಂಥಸೈಸರ್ ತೋರಿಸಿದರು. ಅಲ್ಲಿಯವರೆಗೆ ಅದು ಹೆಚ್ಚಾಗಿ ಪ್ರಯೋಗಶಾಲೆಗೂ ಕೆಲವೇ ಸ್ಟುಡಿಯೊಗಳಿಗೂ ಸೇರಿದ ವಸ್ತು. ಆಮೇಲೆ ರಾಕ್ ತಂಡಗಳವರು ಅದನ್ನು ಕೊಳ್ಳಲು ಶುರುಮಾಡಿದರು. 1970ರಲ್ಲಿ ಅದರ ಚಿಕ್ಕ ರೂಪ ಮಿನಿಮೂಗ್ ಬಂದಾಗ ಅಂಗಡಿಯವರು ಮೂಗು ಮುರಿದರು. ಆಗ ಡೇವಿಡ್ ವ್ಯಾನ್ ಕೂವರಿಂಗ್ ಎಂಬ ಮಾರಾಟಗಾರ ಅದನ್ನು ಫ್ಲಾರಿಡಾದ ನೈಟ್ ಕ್ಲಬ್‌ಗಳಿಗೇ ಒಯ್ದು ಅಲ್ಲಿ ನುಡಿಸುವವರಿಗೆ ತೋರಿಸಿದರು. ಕೊಳ್ಳುವವರನ್ನು ಮೊದಲು ಹುಟ್ಟಿಸಿ, ಆಮೇಲೆ ಅಂಗಡಿಗೆ ಕರೆತಂದರು. 1983ರ ಜನವರಿಯಲ್ಲಿ ನ್ಯಾಮ್ ಎಂಬ ಅಮೆರಿಕದ ವಾದ್ಯ ವ್ಯಾಪಾರಿಗಳ ಪ್ರದರ್ಶನದಲ್ಲಿ ಸೀಕ್ವೆನ್ಷಿಯಲ್ ಕಂಪನಿಯ ಪ್ರಾಫೆಟ್ 600ಕ್ಕೂ ರೋಲ್ಯಾಂಡ್‌ನ ಜುಪಿಟರ್ 6ಕ್ಕೂ ಒಂದು ಕೇಬಲ್ ಕಟ್ಟಿದರು. ಒಂದನ್ನು ನುಡಿಸಿದರೆ ಇನ್ನೊಂದೂ ಮಾತಾಡಿತು. ಮಿಡಿ, ಅಂದರೆ ಬೇರೆ ಬೇರೆ ಕಂಪನಿಯ ವಾದ್ಯಗಳು ತಮ್ಮೊಳಗೆ ಮಾತಾಡುವ ಸಾಮಾನ್ಯ ಭಾಷೆ, ಏನು ಅಂತ ನೂರು ಪುಟ ಓದಿ ತಿಳಿಯಬೇಕಾದದ್ದು ಅಲ್ಲಿ ಕಣ್ಣೆದುರಿಗೇ ತಿಳಿಯಿತು.

ಉಲ್ಟಾ ಆದದ್ದೂ ಇದೆ. ಅಮೆರಿಕದ ರೇಡಿಯೊ ಕಂಪನಿ ಆರ್‌ಸಿಎ 1929ರಲ್ಲಿ ಥೆರಮಿನ್ ಮಾರಲು ಹೊರಟಿತು. ಮುಟ್ಟದೇ ನುಡಿಸುವ ವಾದ್ಯ, ಗಾಳಿಯಲ್ಲಿ ಕೈ ಆಡಿಸಿದರೆ ಸಾಕು. ಗುನುಗಲು ಬಂದರೆ ಯಾರು ಬೇಕಾದರೂ ನುಡಿಸಬಹುದು ಅಂತ ಪ್ರಚಾರ ಮಾಡಿದರು. ಬಲ್ಲವರು ನುಡಿಸಿದಾಗ ಹಾಗೇ ಕಾಣುತ್ತಿತ್ತು. ಮನೆಗೆ ತಂದವರಿಗೆ ಶ್ರುತಿ ಹಿಡಿಯೋದೇ ಆಗಲಿಲ್ಲ, ಬೆರಳು ಇಡಲು ಜಾಗವೇ ಇಲ್ಲವಲ್ಲ. ಆರ್ಥಿಕ ಕುಸಿತವೂ ಅದೇ ವರ್ಷ ಬಂತು. ತಯಾರಾದದ್ದು ಸುಮಾರು 500 ಮಾತ್ರ. ಬಲ್ಲವರ ಕೈಯ ಸಲೀಸನ್ನು ವಾದ್ಯದ ಸಲೀಸು ಅಂದುಕೊಂಡರೆ ಹೀಗಾಗುತ್ತದೆ. ನಾನು ನುಡಿಸುತ್ತಿದ್ದಾಗಲೂ ಎದುರು ನಿಂತ ಎಷ್ಟೋ ಜನ ಹಾಗೇ ಅಂದುಕೊಳ್ಳುತ್ತಿದ್ದರು. ಅವರ ಮುಖದಲ್ಲೇ ಅದು ಕಾಣುತ್ತಿತ್ತು.

ಅದೇ ಸದಸ್ಯರು:
ಸರಿ ಸರ್. ಆದರೂ ನಾನು ವಿಡಿಯೊ ನೋಡಿ ತೀರ್ಮಾನ ಮಾಡ್ತೀನಿ. ಅಲ್ಲಿ ಯಾರೂ ಪಕ್ಕದಲ್ಲಿ ನಿಂತು ಒತ್ತಾಯ ಮಾಡಲ್ಲ.

ಉತ್ತರ:
ವಿಡಿಯೊ ಮಾಡುವವರೂ ಡೆಮೊದವರೇ. ಸದ್ದನ್ನು ನೇರವಾಗಿ ರೆಕಾರ್ಡ್ ಮಾಡಿ, ಒಪ್ಪ ಮಾಡಿ ಹಾಕಿರುತ್ತಾರೆ. ಕೆಲವರಿಗೆ ಕಂಪನಿಯೇ ವಾದ್ಯ ಕಳಿಸಿರುತ್ತದೆ. ಮೊದಲ ಸುತ್ತಿನ ಆಯ್ಕೆಗೆ ವಿಡಿಯೊ ಸಾಕು. ಕೀಲಿಯ ತೂಕ ಮಾತ್ರ ಬೆರಳಿಗೇ ಗೊತ್ತಾಗಬೇಕು.

ಮತ್ತೊಬ್ಬರು:
ವಾದ್ಯಗಳ ಪ್ರದರ್ಶನದಲ್ಲಿ ಸಿಂಥಸೈಸರ್ ಆನ್ ಮಾಡಿದ ತಕ್ಷಣ ಬರುವ ಸದ್ದು ಯಾಕೆ ಯಾವಾಗಲೂ ಅಷ್ಟು ದೊಡ್ಡದಾಗಿರುತ್ತದೆ? ಹಾಡಿನಲ್ಲಿ ಅದನ್ನು ಬಳಸೋಕೇ ಆಗಲ್ಲ.

ಉತ್ತರ:
ಒಳ್ಳೆಯ ಗಮನ. ಆ ಸದ್ದೂ ಒಂದು ಡೆಮೊನೇ, ವಾದ್ಯದೊಳಗೇ ಕೂತಿರುವ ಡೆಮೊ. 1988ರ ಕೋರ್ಗ್ ಎಂ1 ಎಂಬ ಸಿಂಥಸೈಸರ್ ಆನ್ ಮಾಡಿ, ಮೊದಲಿಗೇ ‘ಯೂನಿವರ್ಸ್’ ಅಂತ ಸದ್ದು. ಒಂದು ಕಾರ್ಡ್ (ಒಟ್ಟಿಗೆ ಒತ್ತುವ ಕೆಲವು ಸ್ವರಗಳು) ಹಿಡಿದರೆ ಕೋಣೆ ತುಂಬುತ್ತದೆ. ಅಂಥದ್ದು ಒಬ್ಬರೇ ನುಡಿಸುವಾಗ ಭರ್ಜರಿ. ಡ್ರಮ್ಸ್, ಬೇಸ್, ಗಿಟಾರ್ ಜೊತೆ ಸೇರಿದರೆ ಎಲ್ಲರ ಜಾಗವನ್ನೂ ಅದೇ ನುಂಗುತ್ತದೆ.

ಕಂಪನಿಯೇ ತುಂಬಿ ಕೊಡುವ ಸದ್ದುಗಳ ತೂಕ ಎಷ್ಟು ಅಂತ ತಿಳಿಯಲು ಯಮಾಹಾ ಡಿಎಕ್ಸ್7 ಸಿಂಥಸೈಸರ್ ನೋಡಿ, 1983ರದ್ದು. ಅದರಲ್ಲಿ ಸ್ವಂತ ಸದ್ದು ಕಟ್ಟೋದು ಬಹಳ ಕಷ್ಟ. ಸಣ್ಣ ಪರದೆ, ಸಾಲು ಸಾಲು ಬಟನ್. ಹೆಚ್ಚಿನವರು ಕಂಪನಿ ಕೊಟ್ಟ ಸದ್ದುಗಳಲ್ಲೇ ನುಡಿಸಿದರು. ಅದರ ಎಲೆಕ್ಟ್ರಿಕ್ ಪಿಯಾನೊ ಆ ಕಾಲದ ಎಷ್ಟು ಹಾಡುಗಳಲ್ಲಿದೆ ಅಂತ ಲೆಕ್ಕವೇ ಇಲ್ಲ. ಅಂದರೆ ಅಂಗಡಿಯಲ್ಲಿ ಕೇಳಿಸಿದ ಸದ್ದೇ ಕೊನೆಗೆ ಹಾಡಿಗೂ ಬಂತು.

ಹೊಸದಾಗಿ ಕಲಿಯುತ್ತಿರುವವರು:
ಸರ್, ನಾನು ಮೊದಲ ಸಲ ತಗೋತಾ ಇದ್ದೀನಿ. ಡೆಮೊ ಕೊಡುವವರ ಎದುರು ಕೀಲಿ ಮುಟ್ಟೋಕೇ ನಾಚಿಕೆ. ಅವರ ಹತ್ತಿರ ಏನು ಕೇಳಲಿ?

ಉತ್ತರ:
ನಾಚಿಕೆ ಬೇಡಮ್ಮಾ. ನಿಮಗೆ ಒಂದು ಘಟನೆ ಹೇಳುತ್ತೇನೆ.

ಒಮ್ಮೆ ನನ್ನ ಡೆಮೊ ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿ ಹೊರಟರು. ವಯಸ್ಸಾದ ಒಬ್ಬ ಹೆಂಗಸು ಅಲ್ಲೇ ನಿಂತಿದ್ದರು. “ಸ್ವಲ್ಪ ಏಳ್ತೀರಾ?” ಅಂದರು. ಎದ್ದೆ. ಚೀಲದಿಂದ ತಮ್ಮದೇ ಹೆಡ್‌ಫೋನ್ ತೆಗೆದು ಚುಚ್ಚಿದರು. ರಿವರ್ಬ್ ಆಫ್ ಮಾಡಿಸಿದರು. ಆಮೇಲೆ ಎಡಗೈಯ ತೋರುಬೆರಳಿನಿಂದ ಕೆಳಗಿನ ಒಂದೇ ಕೀಲಿ ಒತ್ತಿ ಹಿಡಿದರು. ಹಿಡಿದೇ ಇದ್ದರು. ಕಣ್ಣು ಮುಚ್ಚಿದ್ದರು. ಅರ್ಧ ನಿಮಿಷ ಆಗಿರಬೇಕು. ಆಮೇಲೆ ಒಂದು ಕಿವಿಯ ಹೆಡ್‌ಫೋನ್ ಎತ್ತಿ ನನ್ನ ಕಡೆ ಹಿಡಿದರು. ಕೇಳಿದೆ. ಸ್ವರ ನಿಧಾನವಾಗಿ ಕರಗುವ ಬದಲು ‘ಗುಂಯ್, ಗುಂಯ್’ ಅಂತ ಸುತ್ತುತ್ತಿತ್ತು. ಚಿಕ್ಕ ರೆಕಾರ್ಡಿಂಗನ್ನೇ ಮತ್ತೆ ಮತ್ತೆ ತಿರುಗಿಸುವ ಲೂಪ್ ಅದು. ನಾನು ಒಂದು ವರ್ಷದಿಂದ ಮುಟ್ಟದೇ ಬಿಟ್ಟಿದ್ದ ಜಾಗ, ಅವರಿಗೆ ಒಂದೇ ಬೆರಳಿಗೆ ಸಿಕ್ಕಿತ್ತು. ಅವತ್ತು ಅವರು ಕೊಳ್ಳಲಿಲ್ಲ. ಅವರ ಮೇಲೆ ನನಗೆ ಈಗಲೂ ಗೌರವ.

ನೀವೂ ಅದನ್ನೇ ಮಾಡಿ. ಒಂದೇ ಸ್ವರ, ಮೆಲ್ಲಗೆ, ಪೂರ್ತಿ ಆರುವವರೆಗೆ. ಅದಕ್ಕೆ ಏನೂ ಕಲಿತಿರಬೇಕಿಲ್ಲ. ಪೆಡಲ್ ಒತ್ತಿಕೊಂಡು ಸ್ವರದ ಮೇಲೆ ಸ್ವರ ಪೇರಿಸಿ, ಹಳೆಯ ಸ್ವರಗಳು ಥಟ್ಟನೆ ನಿಂತುಹೋದರೆ ಪಾಲಿಫೋನಿ, ಅಂದರೆ ವಾದ್ಯ ಒಟ್ಟಿಗೆ ನುಡಿಸಬಲ್ಲ ಸ್ವರಗಳ ಸಂಖ್ಯೆ, ಸಾಲದು ಅಂತ ಅರ್ಥ. ಒಂದು ಕಾರ್ಡ್ ಹಿಡಿದೇ ಸದ್ದು ಬದಲಿಸಿ, ನಡುವೆ ಕಡಿಯುತ್ತದಾ ನೋಡಿ. ಡೆಮೊದವರಿಗೆ ಹೇಳಿ, “ಆಫ್ ಮಾಡಿ, ಮತ್ತೆ ಆನ್ ಮಾಡಿ, ಈಗ ಮಾಡಿದ್ದನ್ನೇ ನಿಧಾನವಾಗಿ ಇನ್ನೊಮ್ಮೆ ತೋರಿಸಿ.” ಎಷ್ಟು ಬಟನ್ ಒತ್ತಿದರು ಅಂತ ಎಣಿಸಿ.

ಕೊನೆಗೆ, “ಇದರಲ್ಲಿ ನಿಮಗೆ ಹಿಡಿಸದ ಭಾಗ ಯಾವುದು?” ಅಂತ ಕೇಳಿ. ವಾದ್ಯವನ್ನು ಪ್ರೀತಿಸುವ ಡೆಮೊದವರಿಗೆ ಅದರ ಊನವೂ ಗೊತ್ತಿರುತ್ತದೆ, ಹೇಳುತ್ತಾರೆ ಕೂಡ. ಅಂಥವರು ಸಿಕ್ಕರೆ ಬಿಡಬೇಡಿ. ಕೈಪಿಡಿಯಲ್ಲಿ ಇಲ್ಲದ್ದನ್ನು ಅವರಿಂದ ಕಲಿಯಬಹುದು.

ಮೊದಲ ಪ್ರಶ್ನೆ ಕೇಳಿದವರು:
ಸರ್, ಎರಡು ಕೇಬಲ್ ಹಾಕಿದೆ. ಪಿಯಾನೊ ಬೇರೆಯೇ ಆಗಿಬಿಟ್ಟಿತು! ತಂಡಕ್ಕೆ ಮೋನೊ ಪಿಯಾನೊನೂ ಸಿಕ್ಕಿತು. ಆದರೆ ಮೆಲ್ಲಗೆ ನುಡಿಸಿದರೂ ಸದ್ದು ಜೋರಾಗಿಯೇ ಬರುತ್ತದೆ. ಇದು ವಾದ್ಯದ ದೋಷವಾ?

ಉತ್ತರ:
ಡೆಮೊಗೆ ಇಟ್ಟಿದ್ದ ವಾದ್ಯವನ್ನೇ ನಿಮಗೆ ಕೊಟ್ಟಿರಬಹುದು. ಟಚ್ ಸೆಟ್ಟಿಂಗ್ ಇನ್ನೂ ಹಗುರದಲ್ಲೇ ಇದೆಯಾ ನೋಡಿ, ‘ನಾರ್ಮಲ್’ಗೋ ‘ಹೆವಿ’ಗೋ ಹಾಕಿ. ತಂಡದವರ ಜೊತೆ ಎರಡು ದಿನ ನುಡಿಸಿ, ಒಬ್ಬರೇ ಬೇಡ. ಒಂಬತ್ತನೇ ದಿನಕ್ಕೂ ಕೈಗೆ ಒಗ್ಗದಿದ್ದರೆ ವಾಪಸ್ ಕೊಡಿ. ಏನಾಯಿತು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.