ಅಪ್‌ಡೇಟ್: ನಂಬಿಕೆ, ಕ್ಯಾಮೆರಾ ಮತ್ತು ಹೊರದೇಶದ ಇಂಟರ್ನ್‌ಶಿಪ್

ಬೇಸಿಗೆ ರಜೆಯಲ್ಲಿ ಹೊರದೇಶದ ಸೇವಾ ಸಂಸ್ಥೆಯೊಂದಕ್ಕೆ ಫೋಟೊ, ವಿಡಿಯೊ ಮಾಡಲು ಹೋಗುತ್ತಿದ್ದೇನೆ, ಕಷ್ಟದಲ್ಲಿರುವವರನ್ನು ಹೇಗೆ ಚಿತ್ರಿಸಲಿ ಎಂದು ಕೇಳಿದ್ದೆ. ಈಗ ಇಂಟರ್ನ್‌ಶಿಪ್ ಮುಗಿದಿದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ಮಾತು, ಆಮೇಲೆ ಕ್ಯಾಮೆರಾ ಎಂಬ ಸಲಹೆ ತುಂಬಾ ಕೆಲಸಕ್ಕೆ ಬಂತು. ಒಪ್ಪಿಗೆಯನ್ನು ಅವರ ಭಾಷೆಯಲ್ಲೇ ಕೇಳಿದೆವು. ಫೋಟೊ ಎಲ್ಲಿ ಬಳಸುತ್ತೇವೆ ಎಂದೂ ಹೇಳಿದೆವು. ಮಕ್ಕಳಿದ್ದರೆ ಹೆತ್ತವರನ್ನೂ ಕೇಳಬೇಕು. ಬೇಡ ಎಂದವರಿಗೂ ಸಹಾಯ ಅಷ್ಟೇ ಸಿಗಬೇಕು. ಪ್ರತಿ ಮನುಷ್ಯನಲ್ಲೂ ದೇವರಿದ್ದಾನೆ ಎಂದು ನಂಬುವವಳು ನಾನು. ಹಾಗೆ ನಂಬಿದ ಮೇಲೆ ಅಳುವ ಮುಖವನ್ನು ಮೇಲೆ ನಿಂತು ಕ್ಲಿಕ್ ಮಾಡಲು ಮನಸ್ಸು ಬರುವುದಿಲ್ಲ, ಅಲ್ವಾ? ಅವರ ಕಣ್ಣಿನ ಮಟ್ಟಕ್ಕೆ ಕೂತು ತೆಗೆದೆ. ಅವರ ಕೆಲಸ, ನಗು, ಹರಟೆ ಇವೇ ಜಾಸ್ತಿ.

ಕ್ಯಾಮೆರಾ ಸೆಟ್ಟಿಂಗ್ ಕೇಳಿದವರಿಗೆ: ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್, ಬಿಸಿಲಿಗೆ ಎನ್‌ಡಿ ಫಿಲ್ಟರ್ (ಲೆನ್ಸ್‌ಗೆ ಹೋಗುವ ಬೆಳಕನ್ನು ಕಡಿಮೆ ಮಾಡುವ ಗಾಜು). ಸಂದರ್ಶನ ಮುಗಿದ ಮೇಲೆ ಅದೇ ಕೋಣೆಯ ಸದ್ದನ್ನು ಅರ್ಧ ನಿಮಿಷ ಸುಮ್ನೆ ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಕಟ್‌ಗಳನ್ನು ಮುಚ್ಚಲು ಅದು ಬೇಕಾಗುತ್ತದೆ.

ಕಿರುಚಿತ್ರ ಸಿದ್ಧವಾಗಿದೆ. ಹೊರಗೆ ಹಾಕುವ ಮೊದಲು ಅದರಲ್ಲಿರುವವರಿಗೇ ತೋರಿಸಿದೆವು. ಒಬ್ಬ ತಾಯಿ ತಮ್ಮ ಒಂದು ಮಾತನ್ನು ತೆಗೆಯಲು ಹೇಳಿದರು, ತೆಗೆದೆವು.