ಪದಚರ್ಚೆ: ಸಿಂಡ್ರೆಲಾಳ ‘ಗಾಜಿನ ಚಪ್ಪಲಿ’ – ಹಾಡಿಗೆ ಒಗ್ಗುವ ಪದ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ. ಸಿಂಡ್ರೆಲಾ ಕಥೆಯನ್ನು ಮಕ್ಕಳ ಹಾಸ್ಯ ಗೀತನಾಟಕವಾಗಿ ರಂಗಕ್ಕೆ ತರುತ್ತಿದ್ದೇವೆ. ಶುಕ್ರವಾರ ಪೋಸ್ಟರ್ ಅಚ್ಚಿಗೆ ಹೋಗಬೇಕು, ನಾಟಕದ ಹೆಸರೇ ‘ಗಾಜಿನ ____’. ಪಲ್ಲವಿಯ ಎತ್ತುಗಡೆಯೂ ಅದೇ. ತಾಳದ ಒಂದು ಸುತ್ತಿಗೆ (ಆವರ್ತಕ್ಕೆ) 8 ಮಾತ್ರೆ. ‘ಗಾಜಿನ’ 4 ತಿಂದಿತು, ಉಳಿದ 4ಕ್ಕೆ ಪದ ಬೇಕು. ‘ಚಪ್ಪಲಿ’ ಕೂರುತ್ತದೆ, ಆದರೆ ಬಚ್ಚಲಿನ ಹವಾಯಿ ಚಪ್ಪಲಿ ಕಣ್ಣಿಗೆ ಬರುತ್ತದೆ. ‘ಪಾದರಕ್ಷೆ’ 6 ಮಾತ್ರೆ, ದೇವಸ್ಥಾನದ ಬೋರ್ಡಿನ ಮಾತು. ‘ಕೆರ’ ಆದೀತೆ?
– ಮೈಸೂರು

ಕೆರ ಎಂದೇ ಹಾಕಿ. ಹಳಗನ್ನಡದ ಕೆರ್ಪು, ತಮಿಳಿನ ಚೆರುಪ್ಪು, ತೆಲುಗಿನ ಚೆಪ್ಪು ಒಂದೇ ಬೇರಿನವು. ನಮ್ಮ ಕಿವಿ ಅವರಲ್ಲಿ ಚೆವಿ ಆದಂತೆ ಇಲ್ಲೂ ಕಕಾರ ನಮ್ಮಲ್ಲೇ ಉಳಿದಿದೆ. ಅಚ್ಚಗನ್ನಡ ಕೈಯಲ್ಲಿರುವಾಗ ಎರವಲು ಏಕೆ? ಮಾತ್ರೆ ಸಾಲದಿದ್ದರೆ ‘ಕೆರಗಳು’ ಎನ್ನಿ.
– ತುಮಕೂರು

> ‘ಕೆರಗಳು’ ಎನ್ನಿ

ಕಳೆಯುವುದು ಒಂದೇ ಕಾಲಿನದು. ಬಹುವಚನ ಹಾಕಿದರೆ ಕಥೆಯೇ ಹೋಯಿತು. ರಾಜಕುಮಾರ ಮಂಡಿಯೂರಿ ‘ಈ ಕೆರ ಯಾರದು?’ ಎಂದರೆ ಹಳೇ ಮೈಸೂರು ಕಡೆ ಬೈಗುಳ ಕೇಳಿದಂತೆ ನಗುತ್ತಾರೆ. ಆ ನಗು ಬೇಕಾದದ್ದು ಮಲತಾಯಿಯ ಮಕ್ಕಳ ಜಗಳದಲ್ಲಿ. ‘ಕೆರ’ ಅವರ ಬಾಯಿಗೇ ಇರಲಿ.

‘ಹಾವುಗೆ’ ಕೂಡ 4 ಮಾತ್ರೆ (ಪಾದುಕಾ–ಪಾವುಗೆ–ಹಾವುಗೆ). ಪೋಸ್ಟರಿಗೆ ಬೇಡ: ಅದು ಮರದ್ದು, ಭರತನ ಸಿಂಹಾಸನ ನೆನಪಾಗುತ್ತದೆ. ಆದರೆ ಮಕ್ಕಳ ಕಿವಿಗೆ ಮೊದಲು ಬೀಳುವುದು ‘ಹಾವು’. ಡಂಗುರದವನು ‘ಗಾಜಿನ ಹಾವು…’ ಎಂದು ಉಸಿರೆಳೆದು ಎರಡೆಣಿಕೆ ನಿಲ್ಲಲಿ, ಅಕ್ಕಂದಿರು ಬೆಂಚು ಹತ್ತಲಿ, ಆಮೇಲೆ ‘…ಗೆ!’ ಬರಲಿ. ಒಂದೇ ಸಲ ಸಾಕು, ಮತ್ತೆ ಮಾಡಿದರೆ ಸಪ್ಪೆ.
– ಸಾಗರ

ಪದಕ್ಕಿಂತ ಮೊದಲು ‘ಗಾಜು’ ಸರಿಮಾಡಿಕೊಳ್ಳಿ. ಫ್ರೆಂಚಿನಲ್ಲಿ ಗಾಜಿಗೂ ಅಳಿಲಿನ ತುಪ್ಪಳಕ್ಕೂ ಉಚ್ಚಾರ ಒಂದೇ, ‘ವೇರ್’. ಮೂಲದಲ್ಲಿದ್ದದ್ದು ತುಪ್ಪಳ. ಫ್ರೆಂಚ್ ಕಾದಂಬರಿಕಾರ ಬಾಲ್ಜಾಕನೂ ಹೀಗೇ ವಾದಿಸಿದ್ದ.
– ಬೆಂಗಳೂರು

ಹಳಸಿದ ವಾದ. ಈ ಕಥೆ ಬರೆದ ಫ್ರೆಂಚ್ ಲೇಖಕ ಪೆರೋ 1697ರಲ್ಲಿ ಅಚ್ಚು ಹಾಕಿಸಿದ್ದೇ ಗಾಜು ಎಂದು. ತುಪ್ಪಳದ್ದು ಹಿಗ್ಗಿ ಯಾರ ಕಾಲಿಗೂ ಆದೀತು, ಗಾಜು ಹಿಗ್ಗುವುದಿಲ್ಲ. ಒಬ್ಬಳಿಗೇ ಆಗಬೇಕೆಂಬುದಕ್ಕೇ ಗಾಜು. ಗ್ರಿಮ್ ಸಹೋದರರ 1812ರ ಪಾಠದಲ್ಲಿ ಚಿನ್ನದ್ದು, ಅದು ಮೆಟ್ಟಿಲಿಗೆ ಬಳಿದ ಡಾಂಬರಿಗೆ ಅಂಟಿ ಉಳಿಯುತ್ತದೆ.

ರಂಗದ ಮಾತು: ಪಾರದರ್ಶಕ ಪ್ಲಾಸ್ಟಿಕ್ಕಿನದು ತರಬೇಡಿ, ದೀಪದ ಕೆಳಗೆ ಹಿಂದಿನ ಸಾಲಿಗೆ ಬರಿಗೈ ಕಾಣುತ್ತದೆ. ಬಟ್ಟೆ ಚಪ್ಪಲಿಗೆ ಕನ್ನಡಿಚೂರಲ್ಲ, ಬೆಳ್ಳಿ ಜರಿ ಅಂಟಿಸಿ. ಚೂರು ಉದುರಿದರೆ ಬರಿಗಾಲಲ್ಲಿ ಕುಣಿಯುವ ಮಕ್ಕಳಿಗೆ ಚುಚ್ಚುತ್ತದೆ. ಹಿಮ್ಮಡಿ ಪಟ್ಟಿ ಬೇಡ, ಓಡುವಾಗ ತಾನೇ ಕಳಚಬೇಕು. ಕಾಲಿಗೆ ಹಾಕಿ ನೋಡುವ ದೃಶ್ಯಕ್ಕೆ ಎರಡು ಬೆರಳು ಚಿಕ್ಕದೊಂದು ಬೇರೆ ಇರಲಿ, ಅಕ್ಕಂದಿರ ಒದ್ದಾಟ ಆಗ ನಟನೆ ಅನಿಸುವುದಿಲ್ಲ.
– ಸಾಗರ

ಕಾಲ್ಮರಿ ಅನ್ರಿ. ನಮ್ಮ ಕಡೆ ಬಳಕ್ಯಾಗ ಇರೋ ಮಾತು. ನಾಕ ಮಾತ್ರೆ, ಬೈಗುಳದ ವಾಸನಿ ಇಲ್ಲ, ಹುಡುಗ್ರಿಗೆ ‘ಮರಿ’ ಕೇಳಿದ್ರ ಖುಷಿ.
– ಧಾರವಾಡ

ಅದು ‘ಕಾಲ್ಮರೆ’, ಕಾಲನ್ನು ಮರೆಮಾಡುವುದು. ಮನೆ ಮನಿ ಆದಂತೆ ಮರೆ ಮರಿ ಆಗಿದೆ. ಪದ ಒಪ್ಪಿದೆ. ಆದರೆ ಇಷ್ಟು ಕನ್ನಡವಾದ ಮೇಲೆ ‘ಸಿಂಡ್ರೆಲಾ’ ಏಕೆ? ಕುವೆಂಪು ಇಂಗ್ಲಿಷ್ ಕವಿತೆಯ ಹ್ಯಾಮೆಲಿನ್ ಊರನ್ನು ಬೊಮ್ಮನಹಳ್ಳಿ ಮಾಡಿದರು, ಕೊಳಲಿನವನನ್ನು ಕಿಂದರಿಜೋಗಿ ಮಾಡಿದರು. ಎರವಲು ಹೆಸರು ತೆಗೆಯಿರಿ.
– ತುಮಕೂರು

‘ಗಾಜು’ ಸಂಸ್ಕೃತದ ಕಾಚದ ತದ್ಭವ. ‘ನಾಟಕ’ ನೇರ ಸಂಸ್ಕೃತ. ಅವನ್ನೂ ತೆಗೆಯಬೇಕೆ? ಎರವಲು ಪದ ನಾಲಗೆಗೆ ಒಗ್ಗಿದ ಮೇಲೆ ನಮ್ಮದೇ. ಹೆಸರಿನ ಒಳಗೆ ಬೂದಿ ಇದೆ (ಫ್ರೆಂಚಿನ ‘ಸಾಂದ್ರ್’ ಎಂದರೆ ಬೂದಿ), ಅಕ್ಕಂದಿರು ‘ಬೂದಿಬುಡ್ಡಿ’ ಎಂದು ಹಂಗಿಸಲಿ, ಪೋಸ್ಟರಿನಲ್ಲಿ ಸಿಂಡ್ರೆಲಾ ಇರಲಿ. ಮಕ್ಕಳನ್ನು ಕರೆತರುವುದು ಆ ಹೆಸರೇ.
– ಬೆಂಗಳೂರು

‘ಗಾಜಿನ ಕಾಲ್ಮರಿ’ ಎಂದು ಅಚ್ಚಿಗೆ ಕೊಡುತ್ತಿದ್ದೇನೆ, ಕೆಳಗೆ ಸಣ್ಣದಾಗಿ ‘ಸಿಂಡ್ರೆಲಾ ಕಥೆ’. ಹಾಡಿಸಿ ನೋಡಿದಾಗ ಒಂದು ತೊಡಕು: ಮೇಳದಲ್ಲಿ ‘ಲ್ಮ’ ಜಾರಿ ‘ಕಾಮರಿ’ ಆಗುತ್ತಿದೆ. ಬಿಡಿಸಿ ‘ಕಾಲಮರಿ’ ಎಂದರೆ 5 ಮಾತ್ರೆ, ತಾಳ ತಪ್ಪುತ್ತದೆ.
– ಮೈಸೂರು

‘ಕಾ’ ಮ್ಯಾಲ ಒಂದ ಮಾತ್ರೆ ನಿಂದ್ರಸ್ರಿ, ಎರಡನೇದಕ್ಕ ನಾಲಿಗಿ ಮ್ಯಾಲ ಹಚ್ಚಿ ‘ಲ್’. ಹಾಡಬ್ಯಾಡ್ರಿ, ಮೊದಲ ಚಪ್ಪಾಳಿ ಮ್ಯಾಲ ಹತ್ತ ಸಲ ಮಾತಿನಾಗ ಅನಸ್ರಿ.
– ಧಾರವಾಡ