ಮಕ್ಕಳ ಹೊಡೆದಾಟಕ್ಕೆ ಮೊಬೈಲ್ ಒಂದೇ ಕಾರಣವೇ?

ಪ್ರಶ್ನೆ: ಅಧ್ಯಾಪಕ, ಮಂಜೇಶ್ವರ

ಮಾನ್ಯರೇ, ನಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಈ ಸಲ ಮಕ್ಕಳ ನಡುವಿನ ಹೊಡೆದಾಟದ ವಿಷಯ ಚರ್ಚೆಗೆ ಬಂತು. ಮಾತನಾಡಿದವರಲ್ಲಿ ಹೆಚ್ಚಿನವರು ಮೊಬೈಲ್, ಸಿನಿಮಾ, ಮಾದಕ ದ್ರವ್ಯ ಈ ಮೂರನ್ನೇ ದೂರಿ, ತಮ್ಮ ಕಾಲ ಶಾಂತವಾಗಿತ್ತು ಎಂದರು. ಮಾದಕ ದ್ರವ್ಯದ ಭಯ ನನಗೂ ಇದೆ. ಆದರೆ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಬಗೆಯ ವಿಡಿಯೋ ನೋಡುವ ಇಬ್ಬರು ಹುಡುಗರಲ್ಲಿ ಒಬ್ಬ ಮಾತ್ರ ಕೈಯೆತ್ತುವುದೇಕೆ ಎಂಬುದಕ್ಕೆ ಈ ಉತ್ತರ ಸಾಲದು. ಮುಂದಿನ ಸಭೆಯಲ್ಲಿ ಮಾತನಾಡುವ ಹೊಣೆ ನನ್ನ ಮೇಲಿರುವುದರಿಂದ, ತಿಳಿದವರು ವಿವರಿಸಬೇಕೆಂದು ವಿನಂತಿ.

ಉತ್ತರ 1: ನಿವೃತ್ತ ಉಪನ್ಯಾಸಕ, ಕಾಸರಗೋಡು

ಮಾಸ್ಟ್ರೇ, ಹಿಂದಿನ ಕಾಲ ಶಾಂತವಾಗಿತ್ತು ಎಂಬ ಮಾತನ್ನು ಇತಿಹಾಸ ಒಪ್ಪುವುದಿಲ್ಲ. ದಾಖಲೆಗಳು ಉಳಿದುಬಂದಿರುವ ಯುರೋಪನ್ನೇ ನೋಡಿದರೆ, ಮಧ್ಯಯುಗದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಹತ್ತಾರು ಮಂದಿ ಕೊಲೆಯಾಗುತ್ತಿದ್ದಲ್ಲಿ ಇಂದು ಆ ಪ್ರಮಾಣ ಒಂದರ ಆಸುಪಾಸಿನಲ್ಲಿದೆ. ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಹೊರತಂದ ವರದಿಯ ಪ್ರಕಾರ, 2000ದಲ್ಲಿ ಹಿಂಸೆಯಿಂದ ಸತ್ತ ಸುಮಾರು 16 ಲಕ್ಷ ಜನರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು; ಯುದ್ಧದಲ್ಲಿ ಸತ್ತವರು ಐದರಲ್ಲಿ ಒಂದು ಪಾಲು ಮಾತ್ರ. ಹಿಂಸೆಯೆಂದರೆ ಬೀದಿಯ ಹೊಡೆದಾಟ ಎಂದು ತಿಳಿದು ಹೊರಟರೆ ಕಾರಣಗಳ ಹುಡುಕಾಟ ಆರಂಭದಲ್ಲಿಯೇ ದಾರಿ ತಪ್ಪುತ್ತದೆ.

ನಿಮ್ಮ ಇಬ್ಬರು ಹುಡುಗರ ಪ್ರಶ್ನೆಗೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರ ಪ್ರಯೋಗಗಳು ನೆರವಾಗುತ್ತವೆ. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ, ದೊಡ್ಡವರೊಬ್ಬರು ಗೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹಾಗೆಯೇ ಹೊಡೆದರೆಂಬುದು ಎಲ್ಲರೂ ಉದಾಹರಿಸುವ ಭಾಗ. 1965ರಲ್ಲಿ ಪ್ರಕಟವಾದ ಮುಂದಿನ ಪ್ರಯೋಗವನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಹೊಡೆದ ವ್ಯಕ್ತಿಗೆ ಶಿಕ್ಷೆಯಾದುದನ್ನು ನೋಡಿದ ಮಕ್ಕಳು ಅನುಕರಿಸಿದ್ದು ಕಡಿಮೆ. ಆದರೆ ಅದೇ ರೀತಿ ಮಾಡಿ ತೋರಿಸಿದರೆ ಬಹುಮಾನವಿದೆ ಎಂದಾಗ ಆ ಮಕ್ಕಳೂ ಉಳಿದವರಷ್ಟೇ ಮಾಡಿ ತೋರಿಸಿದರು. ಅಂದರೆ ಹೊಡೆಯುವುದನ್ನು ಎಲ್ಲರೂ ನೋಡಿ ಕಲಿಯುತ್ತಾರೆ, ಕಲಿತದ್ದು ಕೈಗೆ ಬರುವುದು ಅದು ನಡೆಯುತ್ತದೆ, ದಕ್ಕುತ್ತದೆ ಎಂಬ ನಂಬಿಕೆ ಹುಟ್ಟಿದಾಗ. ಆ ನಂಬಿಕೆಯನ್ನು ಕೊಡುವುದು ಮೊಬೈಲ್ ಅಲ್ಲ, ಸುತ್ತಲಿನ ಜನ.

ಉತ್ತರ 2: ವಕೀಲೆ, ಹೊಸಂಗಡಿ

ಮೇಲಿನ ಮಾತನ್ನು ನಾನು ಮನೆಯ ಒಳಗಿನಿಂದಲೇ ಮುಂದುವರಿಸುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದುದಾಗಿ ಹೇಳಿದ ಮಹಿಳೆಯರು ಕರ್ನಾಟಕದಲ್ಲಿ ಶೇ. 44ರಷ್ಟಿದ್ದರೆ ಕೇರಳದಲ್ಲಿ ಶೇ. 10ರಷ್ಟು. ಇದನ್ನು ಓದಿ ಗಡಿಯ ಈಚೆ ಕೇರಳದಲ್ಲಿರುವ ನಾವು ಸಮಾಧಾನಪಟ್ಟುಕೊಳ್ಳುವ ಮೊದಲು ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನು ನೋಡಬೇಕು: ಕೆಲವು ಸಂದರ್ಭಗಳಲ್ಲಿ ಗಂಡ ಹೆಂಡತಿಯನ್ನು ಹೊಡೆಯುವುದು ಸರಿಯೆಂದ ಮಹಿಳೆಯರು ಕೇರಳದಲ್ಲಿ ಶೇ. 52, ಕರ್ನಾಟಕದಲ್ಲಿ ಶೇ. 77. ಪೆಟ್ಟು ತಿನ್ನುವ ಸರದಿ ಯಾರದೋ ಅವರೇ ಅದನ್ನು ನ್ಯಾಯವೆಂದು ನಂಬುವಷ್ಟು ಆಳಕ್ಕೆ ಈ ಒಪ್ಪಿಗೆ ಇಳಿದಿದೆ. ಸಾರು ಕೆಟ್ಟಿತೆಂದು ತಾಯಿಯ ಮೇಲೆ ಬಿದ್ದ ಪೆಟ್ಟನ್ನು ಅಜ್ಜಿಯೂ ನೆರೆಯವರೂ ಸಮರ್ಥಿಸುವುದನ್ನು ಕೇಳಿ ಬೆಳೆದ ಹುಡುಗನಿಗೆ, ಸಿಟ್ಟು ಬಂದಾಗ ತನಗಿಂತ ದುರ್ಬಲರಾದವರನ್ನು ಹೊಡೆಯಬಹುದೆಂದು ಯಾವ ಸಿನಿಮಾವೂ ಕಲಿಸಬೇಕಾಗಿಲ್ಲ. ಕೌಟುಂಬಿಕ ಹಿಂಸೆಯ ವಿರುದ್ಧದ ಕಾನೂನು 2005ರಲ್ಲಿಯೇ ಬಂದಿದೆ. ಆದರೂ ನನ್ನ ಬಳಿಗೆ ಬರುವ ಹೆಣ್ಣುಮಕ್ಕಳು ಮೊದಲು ಕೇಳುವುದು ಕಾನೂನಿನ ವಿಷಯವನ್ನಲ್ಲ. ದೂರು ಕೊಟ್ಟರೆ ತವರಿನವರು ಏನೆನ್ನುವರೋ ಎಂಬುದನ್ನು.

ಅಧ್ಯಾಪಕರಲ್ಲಿ ಒಂದು ವಿನಂತಿ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ನಾಲ್ಕು ಪೆಟ್ಟು ಬಿದ್ದರೇ ಬುದ್ಧಿ ಬರುವುದು ಎನ್ನುವ ರಕ್ಷಕರು ಸಭೆಯಲ್ಲಿ ಇದ್ದೇ ಇರುತ್ತಾರೆ. ಅವರೊಡನೆ ಈ ವಿಷಯವನ್ನು ಬಿಡದೆ ಮಾತನಾಡಿರಿ.

ಉತ್ತರ 3: ಕೃಷಿಕ, ಎಣ್ಮಕಜೆ

ಇಷ್ಟು ಹೊತ್ತು ಹೊಡೆದವರ ವಿಚಾರವಾಯಿತು. ಯಾರೂ ಕೈಯೆತ್ತದೆಯೂ ಹಿಂಸೆ ನಡೆಯುತ್ತದೆ ಎಂಬುದಕ್ಕೆ ನಮ್ಮ ಪಂಚಾಯತಿಗಿಂತ ದೂರ ಹೋಗಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಯಲಾಯಿತು. ಅದು ಗೇರುಮರಗಳ ಮೇಲೆ ಮಾತ್ರ ಬೀಳಲಿಲ್ಲ. ಕುಡಿಯುವ ನೀರಿಗಾಗಿ ಗುಡ್ಡದ ಬುಡದಲ್ಲಿ ಕೊರೆದ ಸುರಂಗದ ನೀರಿಗೂ ತೋಡಿಗೂ ಇಳಿಯಿತು. ಹೆಲಿಕಾಪ್ಟರ್ ಹಾರಿಸಿದವನಿಗೂ ಕಡತಕ್ಕೆ ಸಹಿ ಹಾಕಿದವರಿಗೂ ನಮ್ಮ ಮೇಲೆ ದ್ವೇಷವಿರಲಿಲ್ಲ. ನಾರ್ವೆಯ ಸಮಾಜಶಾಸ್ತ್ರಜ್ಞ ಜೋಹಾನ್ ಗಾಲ್ಟುಂಗ್ 1969ರಲ್ಲಿ ರಚನಾತ್ಮಕ ಹಿಂಸೆ ಎಂದು ಕರೆದದ್ದು ಇದನ್ನೇ: ವ್ಯವಸ್ಥೆಯೇ ನೋಯಿಸುತ್ತದೆ, ಆರೋಪಿಯೆಂದು ಬೆರಳು ತೋರಿಸಲು ಒಬ್ಬನೂ ಸಿಗುವುದಿಲ್ಲ. ಸುಪ್ರೀಂ ಕೋರ್ಟು 2011ರಲ್ಲಿ ಈ ಕೀಟನಾಶಕವನ್ನು ನಿಷೇಧಿಸಿತು. ಇದರಿಂದ ಆರೋಗ್ಯ ಕಳೆದುಕೊಂಡ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಆದೇಶಿಸಿತು. ಹಣ ತಲುಪಿಲ್ಲವೆಂದು ಅದೇ ನ್ಯಾಯಾಲಯ 2022ರಲ್ಲಿ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಆಧುನಿಕ ಸಮಾಜದ ಹಿಂಸೆಯ ಪಟ್ಟಿಯಲ್ಲಿ ಹುಡುಗರ ಜಗಳವಿದ್ದು ಇದು ಇಲ್ಲವಾದರೆ ಆ ಪಟ್ಟಿಯನ್ನು ನಾನು ಒಪ್ಪಲಾರೆ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಕೃತಜ್ಞತೆಗಳು. ವಕೀಲರೇ, ತಮ್ಮ ವಿನಂತಿಯಂತೆ ಬೆತ್ತದ ವಿಷಯವನ್ನೇ ಸಭೆಯಲ್ಲಿ ಮೊದಲು ಎತ್ತುತ್ತೇನೆ. ಹೊಡೆದಾಟದ ಮರುದಿನ ಮನೆಯಲ್ಲಿ ಹಿರಿಯರು ಮಗನಿಗೆ ಏನು ಹೇಳಿದರು ಎಂದೂ ರಕ್ಷಕರನ್ನು ಕೇಳುವವನಿದ್ದೇನೆ. ಎಣ್ಮಕಜೆಯ ಅಣ್ಣ, ಹತ್ತನೆಯ ತರಗತಿಯ ಮಕ್ಕಳ ಮುಂದೆ ತಾವು ಬಂದು ಗೇರು ತೋಟದ ವಿಷಯವನ್ನು ಮಾತನಾಡಲು ಸಾಧ್ಯವೇ?